ಸ್ಕ್ರೂಜ್‌ನ ಸುತ್ತಲಿನವರನ್ನೂ ಓದೋಣ

ಮಾನ್ಯ ಸಂಪಾದಕರೇ,

ಡಿಸೆಂಬರ್ ತಿಂಗಳಲ್ಲಿ ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯ ಸಂಗ್ರಹರೂಪ ಒಂದಲ್ಲ ಒಂದು ಕನ್ನಡ ಪತ್ರಿಕೆಯ ಮಕ್ಕಳ ಪುಟದಲ್ಲಿ ಕಾಣಿಸಿಕೊಳ್ಳುವುದು ರೂಢಿ. ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲೂ ಅದು ಈಚೆಗೆ ಬಂದಿತ್ತು. ಇಂಥ ಕಥೆಗಳಿಗೆ ನೀವು ಜಾಗ ಕೊಡುತ್ತಿರುವುದು ಸಂತೋಷದ ಸಂಗತಿ. ಆದರೆ ಆ ಅರ್ಧ ಪುಟವನ್ನು ಓದಿದ ಮಗುವಿಗೆ ದಕ್ಕುವುದು ಇಷ್ಟು: ಎಂಜಲು ಕೈಯಲ್ಲಿ ಕಾಗೆ ಓಡಿಸದ ಸ್ಕ್ರೂಜ್ ಎಂಬ ಮುದುಕನೊಬ್ಬನಿದ್ದ, ಭೂತಗಳು ಬಂದು ಅವನಿಗೆ ಅವನದೇ ಗೋರಿಯನ್ನು ತೋರಿಸಿ ಹೆದರಿಸಿದವು, ಬೆಳಗಾಗುವಷ್ಟರಲ್ಲಿ ಅವನು ಕೊಡುಗೈ ದಾನಿಯಾದ. ಇಂಗ್ಲಿಷ್ ಪಾಠ ಹೇಳುವ ನನಗೆ ಈ ಸಾರಾಂಶ ಬಹಳ ಪರಿಚಿತ. ವಿದ್ಯಾರ್ಥಿಗಳು ಸ್ಕ್ರೂಜ್‌ನ ಪಾತ್ರಚಿತ್ರಣವೆಂದು ಬರೆದುಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಈ ಓದಿನಲ್ಲಿ ಸ್ಕ್ರೂಜ್ ಮತ್ತು ಭೂತಗಳು ಮಾತ್ರ ಉಳಿಯುತ್ತಾರೆ. ಅವನ ಸೋದರಳಿಯ, ತೀರಿಹೋದ ತಂಗಿ, ಗುಮಾಸ್ತ, ಗುಮಾಸ್ತನ ಹೆಂಡತಿ, ಮದುವೆಯ ಮಾತು ಮುರಿದುಕೊಂಡು ಹೋದ ಹುಡುಗಿ, ಸತ್ತ ಪಾಲುದಾರ, ಇವರೆಲ್ಲ ಹೆಸರಿಗಷ್ಟೇ ಬಂದುಹೋಗುತ್ತಾರೆ. ಸ್ಕ್ರೂಜ್ ಬದಲಾಗುವುದು ಇವರ ನಡುವೆ, ಇವರಿಂದ, ಇವರಲ್ಲಿ ಒಬ್ಬೊಬ್ಬರ ವಿಷಯದಲ್ಲಿ ಒಂದೊಂದು ಬಗೆಯಾಗಿ. ಇವರನ್ನು ಬಿಟ್ಟರೆ ಬದಲಾವಣೆ ಎಂಬುದು ಬರಿಯ ಮಾಯಾಮಂತ್ರವಾಗಿಬಿಡುತ್ತದೆ ಎಂಬ ಕಾರಣಕ್ಕೆ ಈ ಪತ್ರ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದದ್ದು 1843ರ ಡಿಸೆಂಬರ್ 19ರಂದು. ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್‌ಮಸ್ ಮುನ್ನಾದಿನದ ಹೊತ್ತಿಗೆ ಖರ್ಚಾಗಿದ್ದವು. ಕಾರ್ಖಾನೆ ಮತ್ತು ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಗತಿಯ ಬಗ್ಗೆ ಸರ್ಕಾರಿ ಆಯೋಗವೊಂದು ಕೊಟ್ಟ ವರದಿಯನ್ನು ಅದೇ ವರ್ಷ ಓದಿ ಕಳವಳಗೊಂಡ ಡಿಕನ್ಸ್, ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಬೇಕೆಂದು ಮೊದಲು ಯೋಚಿಸಿದ್ದ. ಆಮೇಲೆ ಆ ಯೋಚನೆಯನ್ನು ಬಿಟ್ಟು ಕಥೆಗೆ ಕೈಹಾಕಿದ. ಕರಪತ್ರದಲ್ಲಾದರೆ ಕಾನೂನು, ಕೂಲಿ, ಕೆಲಸದ ಗಂಟೆಗಳನ್ನು ಕುರಿತು ನೇರವಾಗಿ ವಾದಿಸಬಹುದಿತ್ತು. ಕಥೆಯಲ್ಲಿ ಅದೆಲ್ಲವೂ ಮಾವ ಮತ್ತು ಅಳಿಯ, ಯಜಮಾನ ಮತ್ತು ಗುಮಾಸ್ತ, ಸಾಲ ಕೊಟ್ಟವನು ಮತ್ತು ಪಡೆದವನು ಪರಸ್ಪರ ಹೇಗೆ ಮಾತಾಡುತ್ತಾರೆ ಎಂಬುದರಲ್ಲೇ ಕಾಣಿಸಬೇಕು. ಅಂದಹಾಗೆ, ಪುಸ್ತಕದ ಬೆಲೆ ಐದು ಶಿಲಿಂಗ್. ಕಥೆಯೊಳಗಿನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳ ಹದಿನೈದು ಶಿಲಿಂಗ್. ತನ್ನ ಕಥೆಯನ್ನು ತಾನೇ ಕೊಂಡು ಓದಬೇಕೆಂದರೆ ಬಾಬ್ ವಾರದ ದುಡಿಮೆಯ ಮೂರನೇ ಒಂದು ಪಾಲನ್ನು ತೆರಬೇಕಾಗುತ್ತಿತ್ತು!

ಸ್ಕ್ರೂಜ್‌ನಿಗೆ ಯಾರೂ ಇರಲಿಲ್ಲ ಎಂದು ಸಾರಾಂಶಗಳು ಹೇಳುತ್ತವೆ. ಮೂಲದಲ್ಲಿ ಅವನಿಗೆ ಬೇಕಾದಷ್ಟು ಜನರಿದ್ದಾರೆ; ಪ್ರತಿಯೊಂದು ಸಂಬಂಧವನ್ನೂ ಅವನು ಕಿರ್ದಿಯ ಒಂದು ಬಾಬತ್ತಾಗಿ ಇಳಿಸಿಟ್ಟಿದ್ದಾನೆ, ಅಷ್ಟೆ. ಕಥೆ ಶುರುವಾಗುವುದು ಪಾಲುದಾರ ಜೇಕಬ್ ಮಾರ್ಲಿ ಸತ್ತಿದ್ದಾನೆ ಎಂಬ ಮಾತಿನಿಂದ. ಮಾರ್ಲಿಯ ಉಯಿಲನ್ನು ಜಾರಿ ಮಾಡಿದವನು, ಆಸ್ತಿಗೆ ವಾರಸುದಾರನಾದವನು, ಅವನಿಗಿದ್ದ ಏಕೈಕ ಗೆಳೆಯ, ಅವನಿಗಾಗಿ ದುಃಖಿಸಬೇಕಾಗಿದ್ದ ಏಕೈಕ ವ್ಯಕ್ತಿ, ಎಲ್ಲವೂ ಸ್ಕ್ರೂಜನೇ. ಅಂಥವನು ಶವಸಂಸ್ಕಾರದ ದಿನವೂ ಲಾಭದ ವ್ಯವಹಾರವೊಂದನ್ನು ಕುದುರಿಸಿಕೊಳ್ಳುತ್ತಾನೆ. ಏಳು ವರ್ಷ ಕಳೆದರೂ ಅಂಗಡಿಯ ಬೋರ್ಡಿನ ಮೇಲೆ ಇಬ್ಬರ ಹೆಸರೂ ಹಾಗೆಯೇ ಇದೆ. ಅಳಿಸಲು ಬಣ್ಣ ಖರ್ಚು ಮಾಡಿಲ್ಲ. ಹೊಸಬರು ಅವನನ್ನು ಒಮ್ಮೆ ಸ್ಕ್ರೂಜ್ ಎಂದೂ ಒಮ್ಮೆ ಮಾರ್ಲಿ ಎಂದೂ ಕರೆಯುತ್ತಾರೆ. ಎರಡಕ್ಕೂ ಅವನು ಓಗೊಡುತ್ತಾನೆ. ಸತ್ತವನಿಗೂ ಬದುಕಿರುವವನಿಗೂ ವ್ಯತ್ಯಾಸ ಕಾಣದ ಸ್ಥಿತಿ ಅದು. ಹಾಗಿದ್ದೂ ಹಣದ ಪೆಟ್ಟಿಗೆ, ಬೀಗ, ಖಾತೆ ಪುಸ್ತಕಗಳ ಸರಪಳಿಯನ್ನು ಎಳೆದುಕೊಂಡು ಬರುವ ಮಾರ್ಲಿಯ ಪ್ರೇತ ಹೇಳುವ ಒಂದು ಮಾತನ್ನು ಸಂಗ್ರಹಕಾರರು ಬಿಟ್ಟುಬಿಡುತ್ತಾರೆ. ಗತಕಾಲ, ವರ್ತಮಾನ ಮತ್ತು ಮುಂದಿನ ಕಾಲದ ಮೂರು ಭೂತಗಳು ನಿನ್ನ ಬಳಿ ಬರಲಿವೆ, ನನ್ನ ಗತಿ ನಿನಗೆ ಬರದಿರಲಿ ಎಂದು ಈ ಅವಕಾಶವನ್ನು ನಾನೇ ನಿನಗಾಗಿ ದೊರಕಿಸಿದ್ದೇನೆ ಎನ್ನುತ್ತದೆ ಆ ಪ್ರೇತ. ಇಡೀ ಕಥೆಯನ್ನು ಚಾಲೂ ಮಾಡುವುದು ಒಬ್ಬ ಸತ್ತ ಗೆಳೆಯನ ಕಾಳಜಿ. ಅದನ್ನು ಬರಿಯ ಹೆದರಿಕೆ ಎಂದು ಓದಿದರೆ ಮಾರ್ಲಿಗೆ ಅನ್ಯಾಯ ಮಾಡಿದಂತೆ.

ಮೊದಲ ಭಾಗದಲ್ಲಿ ಸ್ಕ್ರೂಜ್ ಒಬ್ಬೊಬ್ಬರನ್ನೇ ಹೊರಗಟ್ಟುತ್ತಾನೆ. ಊಟಕ್ಕೆ ಕರೆಯಲು ಬಂದ ಸೋದರಳಿಯ ಫ್ರೆಡ್‌ನನ್ನು ಬೈದು ಕಳಿಸುತ್ತಾನೆ. ಬಡವರಿಗಾಗಿ ಚಂದಾ ಎತ್ತಲು ಬಂದ ಇಬ್ಬರು ಗೃಹಸ್ಥರಿಗೆ, ಜೈಲುಗಳಿಲ್ಲವೇ, ನಿರ್ಗತಿಕರನ್ನು ಇಟ್ಟುಕೊಂಡು ದುಡಿಸುವ ವರ್ಕ್‌ಹೌಸುಗಳಿಲ್ಲವೇ ಎಂದು ಕೇಳುತ್ತಾನೆ. ಬಾಗಿಲ ಬೀಗದ ಕಿಂಡಿಯ ಬಳಿ ಬಾಗಿ ಹಾಡಲು ತೊಡಗಿದ ಹುಡುಗನತ್ತ ಮೇಜಿನ ಮೇಲಿದ್ದ ರೂಲುದೊಣ್ಣೆಯನ್ನು ಎತ್ತುತ್ತಾನೆ, ಹುಡುಗ ಓಡಿಹೋಗುತ್ತಾನೆ. ಕಡೆಗೆ ಗುಮಾಸ್ತನ ಸರದಿ. ನಾಳೆ ಇಡೀ ದಿನ ರಜೆ ಬೇಕೇನೋ ನಿನಗೆ, ಅದಕ್ಕಾಗಿ ಅರ್ಧ ಕ್ರೌನ್ ಹಿಡಿದುಕೊಂಡರೆ ಅನ್ಯಾಯ ಎನ್ನುತ್ತೀಯ, ಪ್ರತಿ ವರ್ಷ ಡಿಸೆಂಬರ್ 25ರಂದು ನನ್ನ ಜೇಬು ಕತ್ತರಿಸಲು ನಿನಗಿದೊಂದು ನೆಪ ಎಂದು ಗೊಣಗಿ ರಜೆ ಕೊಡುತ್ತಾನೆ. ಅರ್ಧ ಕ್ರೌನ್ ಎಂದರೆ ಎರಡೂವರೆ ಶಿಲಿಂಗ್, ಬಾಬ್‌ನ ಒಂದು ದಿನದ ಸಂಬಳ. ಈ ಮೊತ್ತವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಡಿಕನ್ಸ್ ಅದನ್ನು ಮರೆತಿಲ್ಲ. ಕಡೆಯ ಭಾಗದಲ್ಲಿ ಟರ್ಕಿ ಕೋಳಿಯ ಅಂಗಡಿಯವನನ್ನು ಐದು ನಿಮಿಷದೊಳಗೆ ಕರೆತಂದರೆ ಕೊಡುತ್ತೇನೆಂದು ಸ್ಕ್ರೂಜ್ ಬೀದಿಯ ಹುಡುಗನೊಬ್ಬನಿಗೆ ಹೇಳುವುದೂ ಅದೇ ಅರ್ಧ ಕ್ರೌನ್.

ಗುಮಾಸ್ತನಿಗೆ ಈ ಮೊದಲ ಭಾಗದಲ್ಲಿ ಹೆಸರೇ ಇಲ್ಲ ಎಂಬುದನ್ನೂ ಗಮನಿಸಬೇಕು. ಅವನು ಬರಿಯ ಗುಮಾಸ್ತ. ಒಂದೇ ಒಂದು ಕೆಂಡದಷ್ಟು ಬೆಂಕಿಯ ಮುಂದೆ, ಮೈಗೆ ಓವರ್‌ಕೋಟೂ ಇಲ್ಲದೆ, ಮೇಣದ ಬತ್ತಿಯಲ್ಲಿ ಕೈ ಕಾಯಿಸಿಕೊಳ್ಳಲು ನೋಡುವವನು. ಆದರೆ ಫ್ರೆಡ್ ಹೋಗುವಾಗ ಹೊರಬಾಗಿಲ ಬಳಿ ನಿಂತು ಅವನಿಗೂ ಹಬ್ಬದ ಶುಭಾಶಯ ಹೇಳುತ್ತಾನೆ, ಅವನೂ ಅಷ್ಟೇ ಪ್ರೀತಿಯಿಂದ ಮರಳಿ ಹೇಳುತ್ತಾನೆ. ಒಂದೇ ವಾಕ್ಯದಲ್ಲಿ ಮುಗಿಯುವ ಈ ಸಣ್ಣ ಘಟನೆಯನ್ನು ನಾನು ತರಗತಿಯಲ್ಲಿ ನಿಲ್ಲಿಸಿ ಓದಿಸುತ್ತೇನೆ. ಸ್ಕ್ರೂಜ್‌ನ ಬೆನ್ನ ಹಿಂದೆ, ಅವನ ಅಂಗಡಿಯ ಬಾಗಿಲಲ್ಲೇ, ಅವನ ಅಳಿಯನಿಗೂ ಅವನ ಗುಮಾಸ್ತನಿಗೂ ನಡುವೆ ಒಂದು ನಂಟು ಇದೆ. ಬೇರೆಯವರು ಆಗಲೇ ಹೆಣೆದುಕೊಂಡಿರುವ ಈ ಬಲೆಯೊಳಕ್ಕೆ ಅವನು ಕಡೆಯಲ್ಲಿ ಬರುವುದು, ಅದೂ ತಡವಾಗಿ.

ಗತಕಾಲದ ಭೂತ ಬಂದ ಮೇಲಿನ ಭಾಗ ಕಥೆಯ ಜೀವಾಳ ಎಂಬುದು ನನ್ನ ಅಭಿಪ್ರಾಯ. ಸಾರಾಂಶಗಳು ಇದನ್ನು ಎರಡು ಸಾಲಿನಲ್ಲಿ ದಾಟಿಸುತ್ತವೆ. ರಜೆಯಲ್ಲಿ ಎಲ್ಲ ಹುಡುಗರೂ ಊರಿಗೆ ಹೋದ ಮೇಲೆ ಖಾಲಿ ಶಾಲೆಯಲ್ಲಿ ಸಣ್ಣ ಬೆಂಕಿಯ ಮುಂದೆ ಓದುತ್ತ ಕುಳಿತ ಹುಡುಗನೊಬ್ಬನನ್ನು ಭೂತ ಅವನಿಗೆ ತೋರಿಸುತ್ತದೆ. ಆ ಹುಡುಗ ತಾನೇ ಎಂದು ಗುರುತಿಸಿದ ಮುದುಕ ಅಳುತ್ತಾನೆ. ಆಮೇಲೆ ಕಣ್ಣೊರೆಸಿಕೊಂಡು, ನಿನ್ನೆ ರಾತ್ರಿ ನನ್ನ ಬಾಗಿಲಲ್ಲಿ ಒಬ್ಬ ಹುಡುಗ ಹಾಡುತ್ತಿದ್ದ, ಅವನಿಗೆ ಏನಾದರೂ ಕೊಡಬೇಕಿತ್ತು ಅನ್ನಿಸುತ್ತಿದೆ, ಅಷ್ಟೆ ಎನ್ನುತ್ತಾನೆ. ಬದಲಾವಣೆ ಶುರುವಾಗುವುದು ಇಲ್ಲಿಂದ. ಆಗಿನ್ನೂ ಮೊದಲ ಭೂತದ ಕೆಲಸವೇ ಅರ್ಧ ಮುಗಿದಿಲ್ಲ. ಗೋರಿಯಂತೂ ಬಹು ದೂರ. ಅವನಿಗೆ ಮೊದಲು ಮರುಕ ಹುಟ್ಟುವುದು ತನ್ನ ಮೇಲೇ; ಆ ಮರುಕ ತನ್ನಂಥದೇ ಇನ್ನೊಬ್ಬ ಹುಡುಗನತ್ತ ತಿರುಗುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ, 1824ರಲ್ಲಿ, ತಂದೆ ಸಾಲಕ್ಕಾಗಿ ಮಾರ್ಶಲ್‌ಸೀ ಜೈಲು ಸೇರಿದಾಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯಬೇಕಾಗಿ ಬಂದ ಡಿಕನ್ಸ್‌ಗೆ ಒಂಟಿ ಹುಡುಗನ ಮನಸ್ಸನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದೇ ನಡೆ ಮತ್ತೆ ಕಾಣುತ್ತದೆ. ಸ್ಕ್ರೂಜ್ ಯುವಕನಾಗಿ ಕೆಲಸ ಕಲಿತದ್ದು ಫೆಜಿವಿಗ್ ಎಂಬ ಹಸನ್ಮುಖಿ ವ್ಯಾಪಾರಿಯ ಬಳಿ. ಕ್ರಿಸ್‌ಮಸ್ ಮುನ್ನಾದಿನ ಆತ ಅಂಗಡಿಯ ಕದ ಹಾಕಿಸಿ, ಸಾಮಾನುಗಳನ್ನು ಬದಿಗೆ ಸರಿಸಿ, ಕೆಲಸದವರನ್ನೂ ಅಕ್ಕಪಕ್ಕದ ಮನೆಗಳ ಆಳುಗಳನ್ನೂ ಕರೆದು ಕುಣಿಸುತ್ತಾನೆ. ಇದಕ್ಕೆ ಅವನು ಖರ್ಚು ಮಾಡಿದ್ದು ಮೂರೋ ನಾಲ್ಕೋ ಪೌಂಡ್, ಇಷ್ಟಕ್ಕೇ ಇಷ್ಟು ಹೊಗಳಿಕೆಯೇ ಎಂದು ಭೂತ ಬೇಕೆಂದೇ ಕೆಣಕುತ್ತದೆ. ಆಗ ಸ್ಕ್ರೂಜ್ ಸಿಟ್ಟಿಗೆದ್ದು, ನಮ್ಮ ದುಡಿಮೆಯನ್ನು ಹಗುರ ಮಾಡುವುದೂ ಭಾರ ಮಾಡುವುದೂ ಅವನ ಕೈಯಲ್ಲಿತ್ತು, ಆ ಶಕ್ತಿ ಇದ್ದದ್ದು ಕೂಡಿ ಲೆಕ್ಕ ಹಾಕಲಾಗದಂಥ ಮಾತಿನಲ್ಲಿ, ನೋಟದಲ್ಲಿ ಎಂದು ವಾದಿಸುತ್ತಾನೆ. ವಾದಿಸುತ್ತಿದ್ದಂತೆ ತಟಕ್ಕನೆ ಮಾತು ನಿಲ್ಲಿಸುತ್ತಾನೆ. ಏನಾಯಿತು ಎಂದು ಭೂತ ಕೇಳಿದರೆ, ನನ್ನ ಗುಮಾಸ್ತನ ಹತ್ತಿರ ಈಗ ಒಂದೆರಡು ಮಾತಾಡಬೇಕೆನಿಸುತ್ತಿದೆ, ಅಷ್ಟೆ ಎಂಬ ಉತ್ತರ. ಬದುಕೆಲ್ಲ ಕೂಡಿ ಕಳೆದು ಕಂಡವನ ಬಾಯಿಂದಲೇ ಲೆಕ್ಕಕ್ಕೆ ಸಿಗದ ಒಂದು ವಸ್ತುವಿನ ಸಮರ್ಥನೆ ಬರುತ್ತದೆ. ಯಾರೂ ಅವನಿಗೆ ಉಪದೇಶ ಮಾಡಲಿಲ್ಲ. ತಾನು ಆಳಾಗಿದ್ದ ದಿನಗಳನ್ನು ನೋಡಿ ಅವನು ತನ್ನ ಆಳನ್ನು ನೆನೆದ.

ಇನ್ನು ತಂಗಿ ಫ್ಯಾನ್. ಶಾಲೆಯಿಂದ ಅಣ್ಣನನ್ನು ಮನೆಗೆ ಕರೆದೊಯ್ಯಲು ಬರುವ ಈ ಪುಟ್ಟ ಹುಡುಗಿ, ಅಪ್ಪ ಈಗ ಮೊದಲಿನಂತಿಲ್ಲ, ಎಷ್ಟೋ ಮೃದುವಾಗಿದ್ದಾರೆ, ಒಂದು ರಾತ್ರಿ ಅವರು ಪ್ರೀತಿಯಿಂದ ಮಾತಾಡಿದಾಗ ಧೈರ್ಯ ಮಾಡಿ ನಿನ್ನ ವಿಷಯ ಇನ್ನೊಮ್ಮೆ ಕೇಳಿದೆ ಎನ್ನುತ್ತಾಳೆ. ‘ಇನ್ನೊಮ್ಮೆ’ ಎಂದರೆ ಮೊದಲೂ ಕೇಳಿ ಬೈಸಿಕೊಂಡಿದ್ದಾಳೆ ಎಂದಾಯಿತು. ಒಂದು ಗಡಸು ಗಂಡಸಿನ ಮುಂದೆ ಮತ್ತೆ ಮತ್ತೆ ಹೋಗಿ ನಿಂತು ಇನ್ನೊಬ್ಬರಿಗಾಗಿ ಕೇಳುವ ಗುಣ ಅವಳದು. ಅವಳು ದೊಡ್ಡವಳಾಗಿ, ಒಂದು ಮಗುವನ್ನು ಬಿಟ್ಟು ತೀರಿಕೊಂಡಳು. ಆ ಮಗುವೇ ನಿನ್ನ ಸೋದರಳಿಯ ಅಲ್ಲವೇ ಎಂದು ಭೂತ ಕೇಳಿದಾಗ ಸ್ಕ್ರೂಜ್ ಇರುಸುಮುರುಸಿನಿಂದ ‘ಹೌದು’ ಎಂದಷ್ಟೇ ಹೇಳುತ್ತಾನೆ. ಹಿಂದಿನ ದಿನ ಮಧ್ಯಾಹ್ನ ಅವನು ಅಂಗಡಿಯಿಂದ ಅಟ್ಟಿದ್ದು ಆ ತಂಗಿಯ ಒಬ್ಬನೇ ಮಗನನ್ನು. ತಂಗಿಯ ಮಕ್ಕಳ ಕಿವಿ ಚುಚ್ಚುವುದರಿಂದ ಹಿಡಿದು ಮದುವೆಯವರೆಗೆ ಸೋದರಮಾವನಿಗೆ ಜಾಗ ಇಟ್ಟಿರುವ ನಮ್ಮ ಮನೆಗಳ ಮಕ್ಕಳಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಫ್ರೆಡ್ ಆ ತಂಗಿಯ ಮಗ ಎಂಬ ಸಂಗತಿಯನ್ನಾದರೂ ಸಾರಾಂಶದಲ್ಲಿ ಹೇಳಬೇಕಲ್ಲ! ನಿಮ್ಮ ಪುರವಣಿಯಲ್ಲಿ ಅವನು ಬರಿಯ ‘ಸಂಬಂಧಿಕ’ನಾಗಿದ್ದ.

ಫ್ರೆಡ್‌ನ ಸ್ವಭಾವವೂ ತಾಯಿಯದೇ. ಮಾವನಿಂದ ನನಗೇನೂ ಬೇಡ, ಏನನ್ನೂ ಕೇಳುತ್ತಿಲ್ಲ, ನಾವು ಸ್ನೇಹದಿಂದಿರಬಾರದೇಕೆ ಎನ್ನುವವನು ಅವನು. ವರ್ತಮಾನದ ಭೂತ ಸ್ಕ್ರೂಜ್‌ನನ್ನು ಅವನ ಮನೆಗೆ ಅದೃಶ್ಯವಾಗಿ ಕರೆದೊಯ್ದಾಗ ಅಲ್ಲಿ ಮಾವನ ಗೇಲಿ ನಡೆದಿರುತ್ತದೆ. ಫ್ರೆಡ್‌ನ ಹೆಂಡತಿಗೆ ಈ ಮಾವನನ್ನು ಕಂಡರೆ ತಾಳ್ಮೆ ಇಲ್ಲ. ಅವಳು ಹಾಗೆಂದು ಬಾಯಿಬಿಟ್ಟು ಹೇಳುತ್ತಾಳೆ. ಫ್ರೆಡ್ ಮಾತ್ರ, ಅವರ ಸಿಡುಕಿನಿಂದ ನಷ್ಟವಾಗುವುದು ಅವರಿಗೇ, ಅವರಿಗೆ ಇಷ್ಟವಿರಲಿ ಬಿಡಲಿ ನಾನು ವರ್ಷವರ್ಷವೂ ಹೋಗಿ ಕರೆಯುತ್ತೇನೆ, ಇದರಿಂದ ತಮ್ಮ ಬಡ ಗುಮಾಸ್ತನಿಗೆ ಐವತ್ತು ಪೌಂಡ್ ಬಿಟ್ಟುಹೋಗುವ ಮನಸ್ಸಾದರೂ ಅವರಿಗೆ ಬಂದರೆ ಅಷ್ಟೇ ಲಾಭ ಎನ್ನುತ್ತಾನೆ. ಗಮನಿಸಿ, ಮಾವನ ಆಸ್ತಿಯ ಬಗ್ಗೆ ಅವನಿಗೆ ಯೋಚನೆ ಬಂದದ್ದು ತನಗಾಗಿ ಅಲ್ಲವೇ ಅಲ್ಲ, ಅಂಗಡಿಯ ಬಾಗಿಲಲ್ಲಿ ಕಂಡ ಗುಮಾಸ್ತನಿಗಾಗಿ. ಅದಾದ ಮೇಲೆ ಫ್ರೆಡ್‌ನ ಹೆಂಡತಿ ಹಾರ್ಪ್ ವಾದ್ಯದಲ್ಲಿ ಒಂದು ಪುಟ್ಟ ಧಾಟಿಯನ್ನು ನುಡಿಸುತ್ತಾಳೆ. ಅದು ಬಹಳ ಹಿಂದೆ, ಶಾಲೆಯಿಂದ ಅಣ್ಣನನ್ನು ಕರೆತಂದ ಆ ಹುಡುಗಿಗೆ ಗೊತ್ತಿದ್ದ ಧಾಟಿ. ಇದನ್ನು ಆಗಾಗ ಕೇಳುತ್ತಿದ್ದರೆ ನಾನು ಬೇರೆಯೇ ಮನುಷ್ಯನಾಗುತ್ತಿದ್ದೆನೇನೋ ಎಂದು ಸ್ಕ್ರೂಜ್‌ನಿಗೆ ಅನ್ನಿಸುತ್ತದೆ. ತೀರಿಹೋದ ಅತ್ತೆಯ ಹಾಡು ಅವಳ ಕೈಯಿಂದ ಮಾವನನ್ನು ಮುಟ್ಟುತ್ತದೆ. ಡಿಕನ್ಸ್ ಇದಕ್ಕೆ ಯಾವ ವಿವರಣೆಯನ್ನೂ ಕೊಡದೆ ಮುಂದೆ ಹೋಗುತ್ತಾನೆ. ಅವನ ಮೇಲೆ ಭಾವುಕತೆಯ ಆರೋಪ ಹೊರಿಸುವವರು ಈ ಸಂಯಮವನ್ನೂ ಗಮನಿಸಬೇಕು.

ಕ್ರ್ಯಾಚಿಟ್ ಕುಟುಂಬದ ಭಾಗಕ್ಕೆ ಬಂದರೆ ನಮ್ಮ ಸಾರಾಂಶಗಳೆಲ್ಲ ಬಾಬ್‌ನ ಕಾಯಿಲೆಯ ಮಗ ಪುಟ್ಟ ಟಿಮ್‌ನ ಊರುಗೋಲಿನ ಹಿಂದೆ ಬೀಳುತ್ತವೆ. ಟಿಮ್ ಮುಖ್ಯನೇ. ಆದರೆ ಆ ಮನೆಯಲ್ಲಿ ನನಗೆ ಹೆಚ್ಚು ಜೀವಂತವಾಗಿ ಕಾಣುವವಳು ಅವನ ತಾಯಿ. ಕ್ಯಾಮ್ಡೆನ್ ಟೌನಿನ ನಾಲ್ಕು ಕೋಣೆಯ ಮನೆ, ಆರು ಮಕ್ಕಳು, ಹಬ್ಬಕ್ಕೆ ಒಂದು ಹೆಬ್ಬಾತು. ಅದನ್ನು ಬೇಯಿಸಲು ಮನೆಯಲ್ಲಿ ಅನುಕೂಲವಿಲ್ಲದ್ದರಿಂದ ಬೇಕರಿಯವನ ಒಲೆಗೆ ಕೊಟ್ಟು, ಬೆಂದ ಮೇಲೆ ಮಕ್ಕಳು ಹೋಗಿ ತರುತ್ತಾರೆ. ಊಟವಾದ ಮೇಲೆ ಬಾಬ್ ಲೋಟ ಎತ್ತಿ, ಈ ಹಬ್ಬದೂಟಕ್ಕೆ ಕಾರಣರಾದ ಸ್ಕ್ರೂಜ್ ಸಾಹೇಬರಿಗೆ ಒಳ್ಳೆಯದಾಗಲಿ ಎನ್ನುತ್ತಾನೆ. ಹೆಂಡತಿ ಕೆಂಪಾಗುತ್ತಾಳೆ. ಅವನು ಇಲ್ಲಿದ್ದಿದ್ದರೆ ನಾಲ್ಕು ಮಾತನ್ನೇ ಬಡಿಸುತ್ತಿದ್ದೆ, ಅದನ್ನು ಹೊಟ್ಟೆತುಂಬ ಉಂಡು ಹೋಗುತ್ತಿದ್ದ, ಅವನೆಂಥವನು ಎಂಬುದು ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಎನ್ನುತ್ತಾಳೆ. ಬಾಬ್ ಮೆಲ್ಲಗೆ ಮಕ್ಕಳತ್ತ ನೋಡಿ, ಹಬ್ಬದ ದಿನ ಎಂದಷ್ಟೇ ಹೇಳುತ್ತಾನೆ. ನಿಮಗಾಗಿ ಮತ್ತು ಈ ದಿನಕ್ಕಾಗಿ ಕುಡಿಯುತ್ತೇನೆ, ಅವನಿಗಾಗಿ ಅಲ್ಲ ಎಂದು ಅವಳು ಲೋಟ ಎತ್ತುತ್ತಾಳೆ. ಆ ಹೆಸರಿನ ನೆರಳು ಐದು ನಿಮಿಷ ಆ ಮನೆಯ ಮೇಲೆ ಕವಿದಿರುತ್ತದೆ. ಇದೆಲ್ಲವನ್ನೂ ಸ್ಕ್ರೂಜ್ ಕಣ್ಣಿಗೆ ಬೀಳದೆ ನಿಂತು ಕೇಳುತ್ತಿದ್ದಾನೆ.

ಗಂಡನ ಸೌಜನ್ಯ ದೊಡ್ಡದು, ನಿಜ. ಆದರೆ ಹದಿನೈದು ಶಿಲಿಂಗಿನಲ್ಲಿ ಎಂಟು ಜನರ ಹೊಟ್ಟೆ ತುಂಬಿಸುವ ಲೆಕ್ಕ ಇರುವುದು ಹೆಂಡತಿಯ ತಲೆಯಲ್ಲಿ. ಆ ಸಿಟ್ಟು ನ್ಯಾಯವಾದ ಸಿಟ್ಟು. ಬಾಬ್‌ನ ಕ್ಷಮೆಯನ್ನು ಆದರ್ಶವೆಂದು ಮಕ್ಕಳಿಗೆ ಕಲಿಸುವ ನಾವು ಅವಳ ಮಾತನ್ನು ಅಳಿಸಿಹಾಕುತ್ತೇವೆ. ಡಿಕನ್ಸ್ ಅಳಿಸಿಲ್ಲ. ಅಷ್ಟೇ ಅಲ್ಲ, ಕಥೆಯ ಕೊನೆಯವರೆಗೂ ಅವಳಿಗೂ ಸ್ಕ್ರೂಜ್‌ನಿಗೂ ಮುಖಾಮುಖಿ ರಾಜಿ ಮಾಡಿಸಿದ ಒಂದು ಸಾಲೂ ಪುಸ್ತಕದಲ್ಲಿ ಇಲ್ಲ.

ಟಿಮ್ ಬದುಕುತ್ತಾನೆಯೇ ಎಂದು ಸ್ಕ್ರೂಜ್ ಕೇಳಿದಾಗ ಭೂತ ಅವನ ಮಾತನ್ನೇ ಅವನಿಗೆ ತಿರುಗುಬಾಣ ಮಾಡುತ್ತದೆ: ಸಾಯುವುದಾದರೆ ಸಾಯಲಿ, ಹೆಚ್ಚುವರಿ ಜನಸಂಖ್ಯೆ ಅಷ್ಟಾದರೂ ಕಡಿಮೆಯಾಗುತ್ತದೆ. ಚಂದಾ ಕೇಳಲು ಬಂದವರಿಗೆ ಅವನು ಹೇಳಿದ್ದು ಇದನ್ನೇ. ಆ ಕಾಲದ ಲಂಡನ್ನಿನಲ್ಲಿ ಇದು ಒಬ್ಬ ಜಿಪುಣನ ತಲೆತಿರುಕ ಮಾತಾಗಿರಲಿಲ್ಲ. ಆಹಾರಕ್ಕಿಂತ ಜನಸಂಖ್ಯೆ ವೇಗವಾಗಿ ಬೆಳೆಯುತ್ತದೆ ಎಂಬ ಥಾಮಸ್ ಮಾಲ್ಥಸ್‌ನ ವಾದದ ಅಗ್ಗದ ರೂಪ ಅದು. ಇದೇ ಮಾಲ್ಥಸ್, ಭಾರತದ ಆಡಳಿತಕ್ಕೆ ಬರಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಯುವಕರಿಗೆ ಇಂಗ್ಲೆಂಡಿನ ಕಾಲೇಜಿನಲ್ಲಿ 1805ರಿಂದ ತೀರಿಕೊಳ್ಳುವವರೆಗೂ ಅರ್ಥಶಾಸ್ತ್ರದ ಪಾಠ ಹೇಳಿದವನು. ಇನ್ನು ಸ್ಕ್ರೂಜ್ ಹೆಸರೆತ್ತಿದ ವರ್ಕ್‌ಹೌಸುಗಳ ಕಥೆ. ಬಡವರ ನೆರವನ್ನು ಕುರಿತ 1834ರ ಕಾಯ್ದೆಯ ನಂತರ ಅಲ್ಲಿ ಆಶ್ರಯ ಬೇಡಿ ಹೋದ ಬಡ ಕುಟುಂಬದ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇಡಲಾಗುತ್ತಿತ್ತು. ಬಾಬ್ ಕೆಲಸ ಕಳೆದುಕೊಂಡರೆ ಆ ಊಟದ ಮೇಜಿನ ಸುತ್ತ ಕುಳಿತವರು ಒಂದೇ ಸೂರಿನಡಿ ಮೂರು ಪಾಲಾಗಬೇಕಾಗಿತ್ತು ಎಂಬುದನ್ನು ಅಂದಿನ ಓದುಗರು ಹೇಳಿಸಿಕೊಳ್ಳದೆಯೇ ತಿಳಿದಿದ್ದರು. ಸಂಖ್ಯೆಯಾಗಿದ್ದ ಜನಕ್ಕೆ ಈಗ ಟಿಮ್ ಎಂಬ ಹೆಸರು ಬಂದಿದೆ. ಗುಮಾಸ್ತನಿಗೂ ಬಾಬ್ ಎಂಬ ಹೆಸರು ಕಥೆಯಲ್ಲಿ ಮೊದಲು ಬರುವುದು ಈ ಮನೆಯ ಹೊಸ್ತಿಲಲ್ಲೇ.

ಹೆದರಿಕೆಯಿಂದ ಬದಲಾದ ಎನ್ನುವವರು ನಾಲ್ಕನೆಯ ಭಾಗದ ಆರಂಭವನ್ನು ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ. ಮುಂದಿನ ಕಾಲದ ಮೂಕ ಭೂತ ಎದುರು ಬಂದು ನಿಂತ ಕೂಡಲೇ, ಅದು ಇನ್ನೂ ಏನನ್ನೂ ತೋರಿಸುವ ಮೊದಲೇ, ನೀನು ನನ್ನ ಒಳ್ಳೆಯದಕ್ಕೇ ಬಂದಿದ್ದೀಯ, ಇನ್ನು ಮುಂದೆ ಬೇರೆ ಮನುಷ್ಯನಾಗಿ ಬಾಳುವ ಆಸೆ ನನಗಿದೆ, ಕೃತಜ್ಞತೆಯಿಂದಲೇ ನಿನ್ನ ಜೊತೆ ಬರುತ್ತೇನೆ ಎಂದು ಸ್ಕ್ರೂಜ್ ಹೇಳುತ್ತಾನೆ. ಅವನಿಗೆ ಭಯವಿದೆ, ಕಾಲು ನಡುಗುತ್ತಿದೆ. ಆದರೆ ತೀರ್ಮಾನ ಆಗಲೇ ಆಗಿಹೋಗಿದೆ. ಈ ಭಾಗದಲ್ಲಿ ಅವನು ನೋಡುವುದು ಸಂಬಂಧಗಳಿಲ್ಲದವನ ಸಾವು ಹೇಗಿರುತ್ತದೆ ಎಂಬುದನ್ನು. ಮಧ್ಯಾಹ್ನದ ಊಟ ಕೊಟ್ಟರೆ ಶವಯಾತ್ರೆಗೆ ಬರಬಹುದು ಎನ್ನುವ ವ್ಯಾಪಾರಿಗಳು. ಹಾಸಿಗೆಯ ಪರದೆಯನ್ನೂ ಹೆಣದ ಮೈಮೇಲಿನ ಅಂಗಿಯನ್ನೂ ಗುಜರಿಯವನಿಗೆ ಮಾರುವ ಕೆಲಸದವರು. ತಮಗೆ ಸಾಲ ಕೊಟ್ಟವನು ಸತ್ತನಂತೆ ಎಂದು ಕೇಳಿ ನಿಟ್ಟುಸಿರು ಬಿಟ್ಟು, ಹಾಗೆ ಸಮಾಧಾನವಾದದ್ದಕ್ಕೆ ದೇವರ ಕ್ಷಮೆ ಬೇಡುವ ಹೆಣ್ಣುಮಗಳು. ಆ ಸತ್ತವನಿಗಾಗಿ ಒಬ್ಬರಾದರೂ ಮರುಗಿದ್ದರೆ ತೋರಿಸು ಎಂದು ಸ್ಕ್ರೂಜ್ ಕೇಳಿದ್ದಕ್ಕೆ ಭೂತ ತೋರಿಸಿದ್ದು ಈ ಹೆಣ್ಣುಮಗಳ ಮನೆಯನ್ನು! ಇದರ ಪಕ್ಕಕ್ಕೇ ಟಿಮ್ ಸತ್ತ ಮನೆ. ಅಲ್ಲಿ ಬಾಬ್, ದಾರಿಯಲ್ಲಿ ಫ್ರೆಡ್ ಸಿಕ್ಕಿ ಎಷ್ಟು ಪ್ರೀತಿಯಿಂದ ಮಾತಾಡಿಸಿದ, ತನ್ನ ವಿಳಾಸ ಕೊಟ್ಟು ಏನು ಬೇಕಾದರೂ ಬಾ ಎಂದ ಎಂದು ಹೆಂಡತಿಗೆ ಹೇಳುತ್ತಾನೆ. ಸ್ಕ್ರೂಜ್ ಸತ್ತರೂ ಆ ನಂಟು ಅವನಿಲ್ಲದೆಯೇ ಮುಂದುವರಿದಿದೆ. ಗೋರಿಗಲ್ಲಿಗಿಂತ ಹೆಚ್ಚು ಚುಚ್ಚಬೇಕಾದದ್ದು ಇದು ಎಂದು ನನಗೆ ತೋರುತ್ತದೆ.

ಕಡೆಯ ಭಾಗದಲ್ಲಿ ಬದಲಾದ ಮನುಷ್ಯ ಎಲ್ಲರೊಂದಿಗೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕ್ರ್ಯಾಚಿಟ್ ಮನೆಗೆ ಟರ್ಕಿ ಕೋಳಿಯನ್ನು ಕಳಿಸುತ್ತಾನೆ, ಯಾರು ಕಳಿಸಿದ್ದೆಂದು ತಿಳಿಯದಂತೆ. ಚಂದಾ ಕೇಳಿದ್ದ ಗೃಹಸ್ಥರಲ್ಲೊಬ್ಬರು ಬೀದಿಯಲ್ಲಿ ಸಿಕ್ಕಾಗ ಅವರ ಕಿವಿಯಲ್ಲಿ ಮೊತ್ತವನ್ನು ಪಿಸುಗುಟ್ಟಿ, ಇದರಲ್ಲಿ ಹಳೆಯ ಬಾಕಿ ಬಹಳಷ್ಟು ಸೇರಿದೆ ಎನ್ನುತ್ತಾನೆ. ಮೊತ್ತ ಎಷ್ಟೆಂದು ಡಿಕನ್ಸ್ ನಮಗೂ ಹೇಳುವುದಿಲ್ಲ. ಅಳಿಯನ ಮನೆಯ ಮುಂದೆ ಮಾತ್ರ ಈ ಧಾರಾಳತನ ಕೈಕೊಡುತ್ತದೆ. ಕದ ತಟ್ಟುವ ಧೈರ್ಯ ಬರುವ ಮೊದಲು ಅವನು ಹತ್ತು ಹನ್ನೆರಡು ಬಾರಿ ಆ ಬಾಗಿಲ ಮುಂದೆ ಹಾದುಹೋಗುತ್ತಾನೆ. ಒಳಗೆ ಹೋಗಿ, ನಾನು, ನಿನ್ನ ಮಾವ, ಊಟಕ್ಕೆ ಬಂದಿದ್ದೇನೆ, ಒಳಗೆ ಸೇರಿಸಿಕೊಳ್ಳುತ್ತೀಯಾ ಫ್ರೆಡ್ ಎಂದು ಕೇಳುತ್ತಾನೆ. ದುಡ್ಡಿನಿಂದ ಆಗದ ಕೆಲಸ ಇದೊಂದೇ. ಕೋಳಿ ಕೊಳ್ಳಬಹುದು, ಸಂಬಳ ಏರಿಸಬಹುದು, ಬಾಕಿ ತೀರಿಸಬಹುದು. ಊಟದ ಮೇಜಿಗೆ ಸೇರಿಸಿಕೊಳ್ಳುವುದು ಮಾತ್ರ ಎದುರಿನವನ ಇಷ್ಟ. ಫ್ರೆಡ್ ಅವನ ಕೈಹಿಡಿದು ಕುಲುಕುವ ರಭಸಕ್ಕೆ ತೋಳೇ ಕಳಚಿ ಬರಬೇಕಿತ್ತು. ಮೂರು ರಾತ್ರಿಗಳ ಕೆಲಸವನ್ನು ಭೂತಗಳು ಒಂದೇ ರಾತ್ರಿಯಲ್ಲಿ ಮುಗಿಸಿದ್ದವು, ನಿಜ. ಆದರೆ ಆ ಬಾಗಿಲು ತೆರೆದದ್ದು ವರ್ಷವರ್ಷವೂ ಕರೆಯುತ್ತ ಬಂದ ಒಬ್ಬ ಮನುಷ್ಯನ ತಾಳ್ಮೆಯಿಂದ.

ಗುಮಾಸ್ತನೊಡನೆ ನಡೆಯುವ ದೃಶ್ಯ ಬೇರೆಯದೇ ಬಗೆಯದು, ನನಗೆ ಅಷ್ಟು ನೆಮ್ಮದಿ ಕೊಡುವಂಥದಲ್ಲ. ಮಾರನೆಯ ದಿನ ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬರುತ್ತಾನೆ. ಸ್ಕ್ರೂಜ್ ಹಳೆಯ ದನಿಯಲ್ಲೇ ಗದರಿಸಿ, ಇನ್ನು ಇದನ್ನು ಸಹಿಸುವುದಿಲ್ಲ, ಆದ್ದರಿಂದ ನಿನ್ನ ಸಂಬಳ ಹೆಚ್ಚಿಸುತ್ತಿದ್ದೇನೆ ಎನ್ನುತ್ತಾನೆ. ಬಾಬ್ ನಡುಗಿ, ರೂಲುದೊಣ್ಣೆಯ ಕಡೆಗೆ ಸರಿಯುತ್ತಾನೆ. ಇವನನ್ನು ಕೆಡವಿ ಹಿಡಿದುಕೊಂಡು ಬೀದಿಯವರನ್ನು ಕೂಗಲೇ ಎಂದು ಒಂದು ಕ್ಷಣ ಯೋಚಿಸುತ್ತಾನೆ. ಹಾಡುವ ಹುಡುಗನತ್ತ ಸ್ಕ್ರೂಜ್ ಎತ್ತಿದ್ದ ರೂಲುದೊಣ್ಣೆಯತ್ತ ಈಗ ಸರಿದವನು ಬಾಬ್. ನಾವು ನಗುತ್ತೇವೆ, ಆದರೆ ವರ್ಷಗಳಿಂದ ಗದರಿಸಿಕೊಂಡವನ ಮೈಯಲ್ಲಿ ಹೆದರಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೂ ಇಲ್ಲಿ ಕಾಣುತ್ತದೆ. ಯಜಮಾನ ಬದಲಾದ ಮಾತ್ರಕ್ಕೆ ಆಳು ಆ ಕ್ಷಣದಲ್ಲೇ ನಂಬಬೇಕಾಗಿಲ್ಲ. ಸಂಬಳ ಏರಿದ್ದು ಯಜಮಾನನ ಮನಸ್ಸು ಬದಲಾದದ್ದರಿಂದ. ಮನಸ್ಸು ಬದಲಾಗದ ಯಜಮಾನರ ಗುಮಾಸ್ತರ ಗತಿ ಏನು ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದು. ಡಿಕನ್ಸ್‌ನಲ್ಲಿ ಅದಕ್ಕೆ ಪೂರ್ತಿ ಉತ್ತರವಿಲ್ಲ. ಬೆಂಕಿಗೆ ಇದ್ದಿಲು ಹಾಕು, ಮುಂದಿನ ಅಕ್ಷರ ಬರೆಯುವ ಮೊದಲು ಇನ್ನೊಂದು ಇದ್ದಿಲ ಬುಟ್ಟಿ ಕೊಂಡು ತಾ ಎಂದು ಸ್ಕ್ರೂಜ್ ಹೇಳುವಾಗಲೂ ಅದು ಅಪ್ಪಣೆಯೇ. ಅಪ್ಪಣೆಯ ಒಳಗಿನದು ಬದಲಾಗಿದೆ, ಅಪ್ಪಣೆ ಕೊಡುವವನು ಯಜಮಾನನೇ ಎಂಬುದು ಬದಲಾಗಿಲ್ಲ.

ಬೆಲ್‌ಳ ವಿಷಯ ಬಾಕಿ ಇದೆ. ಇಬ್ಬರೂ ಬಡವರಾಗಿದ್ದಾಗ ಸ್ಕ್ರೂಜ್‌ನೊಂದಿಗೆ ಮದುವೆಯ ಮಾತಾಗಿದ್ದ ಹುಡುಗಿ ಅವಳು. ನಿನ್ನ ಮನಸ್ಸಿನಲ್ಲಿ ನನ್ನ ಜಾಗಕ್ಕೆ ಚಿನ್ನದ ವಿಗ್ರಹವೊಂದು ಬಂದು ಕೂತಿದೆ, ನಿನ್ನನ್ನು ಈ ಮಾತಿನಿಂದ ಬಿಡುಗಡೆ ಮಾಡುತ್ತೇನೆ ಎಂದು ಹೇಳಿ ಹೊರಟುಹೋಗುತ್ತಾಳೆ. ಮುಂದೆ ಅವಳದೇ ಗಂಡ, ಮಕ್ಕಳ ತುಂಬುಮನೆ. ಮಾರ್ಲಿ ಸಾಯುವ ಹೊತ್ತಿನ ಒಂದು ಸಂಜೆ ಅವಳ ಗಂಡ, ಕಿಟಕಿಯಲ್ಲಿ ದೀಪ ಕಂಡು ನೋಡಿದೆ, ನಿನ್ನ ಹಳೆಯ ಗೆಳೆಯ ಅಲ್ಲಿ ಒಬ್ಬನೇ ಕುಳಿತಿದ್ದ ಎನ್ನುತ್ತಾನೆ. ಸ್ಕ್ರೂಜ್‌ನಿಗೆ ತಡೆಯಲಾಗದೆ ಇಲ್ಲಿಂದ ಕರೆದುಕೊಂಡು ಹೋಗು ಎಂದು ಭೂತವನ್ನು ಬೇಡುತ್ತಾನೆ. ಉಳಿದವರೆಲ್ಲರಿಗೂ ಕಡೆಯ ಭಾಗದಲ್ಲಿ ಏನಾದರೊಂದು ಪರಿಹಾರ ಸಿಗುತ್ತದೆ, ಬೆಲ್ ಮಾತ್ರ ಮತ್ತೆ ಬರುವುದಿಲ್ಲ. ಅವಳಿಗೆ ಅವನ ಬದಲಾವಣೆಯ ಸುದ್ದಿ ತಲುಪಿತೆಂಬ ಸುಳಿವೂ ಇಲ್ಲ. ಒಳ್ಳೆಯವನಾದವನಿಗೆ ಕಳೆದದ್ದೆಲ್ಲ ಮರಳಿ ಸಿಗುತ್ತದೆ ಎಂದು ಈ ಪುಸ್ತಕ ಎಲ್ಲಿಯೂ ಹೇಳುವುದಿಲ್ಲ.

ಅರ್ಧ ಪುಟದಲ್ಲಿ ಇಷ್ಟೆಲ್ಲ ಹಿಡಿಸುವುದು ಕಷ್ಟವೆಂಬುದು ನನಗೆ ತಿಳಿಯದ್ದಲ್ಲ. ಅದಕ್ಕೇ ನನ್ನ ಸಲಹೆ ಬೇರೆ. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ. ಅವನ ಬರಹಗಳಿಗೆ ಈಗ ಯಾರ ಅನುಮತಿಯೂ ಬೇಕಾಗಿಲ್ಲ. ಮುಂದಿನ ಡಿಸೆಂಬರಿನಲ್ಲಿ ಇಡೀ ಕಥೆಯನ್ನು ಸಂಕ್ಷೇಪಿಸುವ ಬದಲು ಒಂದೇ ಒಂದು ದೃಶ್ಯವನ್ನು ಆಯ್ದು, ಮಾತಿಗೆ ಮಾತು ಇರುವಂತೆ ಪೂರ್ತಿಯಾಗಿ ಕನ್ನಡದಲ್ಲಿ ಕೊಡಬಹುದು. ಕ್ರ್ಯಾಚಿಟ್ ಮನೆಯ ಹಬ್ಬದೂಟ, ಗಂಡ ಹೆಂಡಿರ ಆ ಮಾತುಕತೆಯ ಸಮೇತ, ಅರ್ಧ ಪುಟಕ್ಕೆ ಸರಿಯಾಗಿ ಹೊಂದುತ್ತದೆ. ಸ್ಕ್ರೂಜ್ ಅದೇ ಕೋಣೆಯಲ್ಲಿ ಅದೃಶ್ಯನಾಗಿ ನಿಂತು ಕೇಳುತ್ತಿದ್ದಾನೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಸಾಕು.

ತಮ್ಮ ವಿಶ್ವಾಸಿ,
ಇಂಗ್ಲಿಷ್ ಅಧ್ಯಾಪಕಿ, ಶಿವಮೊಗ್ಗ